ಗೌರಿಗೆ ಎಷ್ಟು ದಿನದ ಸೂತಕ

ನಮ್ಮ ಕಡೆ ಸೂತಕದ ಲೆಕ್ಕ ಪಕ್ಕಾ. ದಾಯಾದಿಗಳಿಗೆ ಹತ್ತು ದಿನ, ಕೊಟ್ಟ ಮಗಳಿಗೆ ಮೂರು, ಇನ್ನೂ ದೂರದವರಾದರೆ ಸುದ್ದಿ ಕಿವಿಗೆ ಬಿದ್ದ ಮೇಲೆ ಒಂದು ಸ್ನಾನ. ಅನುಮಾನ ಬಂದರೆ ಭಟ್ಟರಿಗೆ ಫೋನ್ ಮಾಡಿದರಾಯಿತು. ಬಾಯಲ್ಲಿದ್ದ ಕವಳವನ್ನೂ ಉಗಿಯದೆ ಹೇಳಿಬಿಡುತ್ತಾರೆ. ಆದರೆ ಕಂಪ್ಯೂಟರಿನ ಒಳಗೆ ಸತ್ತ ಕುದುರೆಗೆ ಎಷ್ಟು ದಿನ ಎಂದರೆ ಅವರೂ ಉಗಿದು ಬಂದು ಯೋಚಿಸಬೇಕಾಗುತ್ತದೆ. 2020ರ ಮಳೆಗಾಲದಲ್ಲಿ ಹೊಸನಗರದ ಹತ್ತಿರದ ನನ್ನ ಅಕ್ಕನ ಮನೆಯಲ್ಲಿ ಈ ಪ್ರಶ್ನೆ ಎದ್ದಿತ್ತು.

ಅಕ್ಕನ ಮಗ ಬೆಂಗಳೂರಿನ ಕಂಪನಿಯೊಂದರಲ್ಲಿ ಇದ್ದವನು. ಲಾಕ್‌ಡೌನ್ ಬಂದಾಗ ಊರಿನ ಉಳಿದ ಮಾಣಿಗಳ ಹಾಗೆ ಕಂಪ್ಯೂಟರು, ಯುಪಿಎಸ್ಸು, ಎರಡು ಪ್ಯಾಂಟು ಹೊತ್ತುಕೊಂಡು ಬಂದು ಉಪ್ಪರಿಗೆ ಹತ್ತಿದ. ಹಗಲು ಆಫೀಸು, ರಾತ್ರಿ ‘ರೆಡ್ ಡೆಡ್ ರಿಡೆಂಪ್ಷನ್ 2’. ಕಥೆ ನಡೆಯುವುದು 1899ರ ಅಮೆರಿಕದಲ್ಲಿ. ಆರ್ಥರ್ ಮಾರ್ಗನ್ ಎಂಬ ದರೋಡೆಕೋರ, ಅವನಿಗೊಂದು ಕುದುರೆ. ಆ ಕುದುರೆಗೆ ಮೇವು ಕೊಡಬೇಕು, ಕೆಸರಾದರೆ ಮೈ ತಿಕ್ಕಬೇಕು, ಬೆದರಿದರೆ ಕುತ್ತಿಗೆ ಸವರಿ ಸಮಾಧಾನ ಹೇಳಬೇಕು. ಮಾಡಿದಷ್ಟೂ ಸಲಿಗೆ ಬೆಳೆಯುತ್ತದೆ. ಸಲಿಗೆಗೆ ನಾಲ್ಕು ಹಂತಗಳನ್ನೂ ಇಟ್ಟಿದ್ದಾರೆ. ಕೊಟ್ಟಿಗೆಗೆ ಸೊಪ್ಪು ಹಾಕಲು ಕರೆದರೆ ‘ಮೀಟಿಂಗ್ ಇದೆ’ ಎನ್ನುತ್ತಿದ್ದ ಮಾಣಿ, ಪರದೆಯ ಮೇಲೆ ದಿನಾ ತಪ್ಪದೆ ಕುದುರೆಯ ಮೈ ತಿಕ್ಕುತ್ತಿದ್ದ. ಕುದುರೆಗೆ ನಮಗೆ ಬೇಕಾದ ಹೆಸರು ಇಟ್ಟುಕೊಳ್ಳಬಹುದು. ಅವನು ಇಟ್ಟಿದ್ದು ಗೌರಿ. ಅದು ಅವರ ಮನೆಯ ಹಸುವಿನ ಹೆಸರು.

ಒಂದು ರಾತ್ರಿ ಹೊರಗೆ ಮಳೆ ಹೊಡೆಯುತ್ತಿದ್ದಾಗ ಮಾಣಿ ಊಟಕ್ಕೆ ಇಳಿದು ಬರಲಿಲ್ಲ. ಅಕ್ಕನ ಅತ್ತೆ ಮೆಟ್ಟಿಲ ಬುಡದಲ್ಲಿ ನಿಂತು ಕರೆದರು. ಮೇಲಿಂದ ಸಣ್ಣ ದನಿ ಬಂತು: “ಗೌರಿ ಸತ್ತೋತು, ಅಮ್ಮಮ್ಮ.”

ಎಂಬತ್ತು ದಾಟಿದ ಆ ಜೀವ ಕಂಬಳಿಕೊಪ್ಪೆಯನ್ನೂ ಹಾಕಿಕೊಳ್ಳದೆ ಟಾರ್ಚು ಹಿಡಿದು ಕೊಟ್ಟಿಗೆಗೆ ಓಡಿತು. ಹಿಂದೆ ಅಕ್ಕ, ಅವಳ ಹಿಂದೆ ಭಾವ. ಗೌರಿ ಮಲಗಿಕೊಂಡು ಮೆಲುಕು ಹಾಕುತ್ತಿತ್ತು. ಕಣ್ಣಿಗೆ ಟಾರ್ಚು ಬಿಟ್ಟಿದ್ದಕ್ಕೆ ಬೇಸರಪಟ್ಟು ಮುಖ ತಿರುಗಿಸಿತು. ಮೂವರೂ ನೆನೆದುಕೊಂಡು ಒಳಗೆ ಬಂದ ಮೇಲೆ ಜಗಲಿಯಲ್ಲಿ ವಿಚಾರಣೆ ನಡೆಯಿತು. ನಕ್ಷೆ ನೋಡುತ್ತಾ ಕುದುರೆ ಓಡಿಸಿದ್ದಂತೆ, ಧರೆಯ ಅಂಚು ಕಾಣಲಿಲ್ಲವಂತೆ, ಇಬ್ಬರೂ ಉರುಳಿದರಂತೆ. ಬಿದ್ದ ಕುದುರೆಯನ್ನು ಎಬ್ಬಿಸಲು ಆ ಆಟದಲ್ಲಿ ಒಂದು ಔಷಧ ಸಿಗುತ್ತದೆ. ಅದು ಇವನ ಚೀಲದಲ್ಲಿ ಮುಗಿದಿತ್ತು.

“ಔಷಧ ಇಟ್ಗಂಡಿದ್ದಿಲ್ಯನಾ?” ಎಂದರು ಅಮ್ಮಮ್ಮ. ಅದು ಯಾವ ಗೌರಿ, ಎಲ್ಲಿನ ಗೌರಿ ಎಂದು ಅವರು ಕೇಳಲಿಲ್ಲ. ದನ ಸಾಕುವ ಮನೆಯಲ್ಲಿ ಮದ್ದು ಇಟ್ಟುಕೊಳ್ಳದೆ ಇರುವುದು ಅವರ ಪ್ರಕಾರ ಯಾವ ಲೋಕದಲ್ಲೂ ಕ್ಷಮಿಸುವಂಥದ್ದಲ್ಲ.

ಹಿಂದೆ ಉಳಿಸಿಟ್ಟ ಜಾಗದಿಂದ ಆಟ ಮತ್ತೆ ಶುರು ಮಾಡಿದರೆ ಗೌರಿ ಎದ್ದು ನಿಲ್ಲುತ್ತಿತ್ತು. ಮಾಣಿ ಹಾಗೆ ಮಾಡಲಿಲ್ಲ. ‘ಅದು ಮೋಸ ಆಗ್ತು’ ಎಂದ. ಯಾರಿಗೆ ಮೋಸ ಎಂದು ನಾನು ಆಮೇಲೆ ಫೋನಿನಲ್ಲಿ ಕೇಳಿದರೆ ಉತ್ತರ ಬರಲಿಲ್ಲ. ನೆಟ್‌ವರ್ಕ್ ಹೋಗಿತ್ತೋ, ಅವನೇ ಸುಮ್ಮನಾದನೋ ಗೊತ್ತಾಗಲಿಲ್ಲ.

ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವರು ಭಾವ. ಇಲ್ಲದ ಕುದುರೆಗೆ ಉಪವಾಸ ಕೂರುವ ಮಗನನ್ನು ಪಡೆದ ಪುಣ್ಯವನ್ನು ವಾರಗಟ್ಟಲೆ ಅಡಿಕೆ ಸೊಸೈಟಿಯ ಕಟ್ಟೆಯ ಮೇಲೆ ವರ್ಣಿಸಿದರು. ನಗುವ ಅಧಿಕಾರ ಅವರಿಗೆ ಎಷ್ಟಿದೆ ಎಂಬುದು ಬೇರೆ ಮಾತು. ತೀರ್ಥಹಳ್ಳಿಯಲ್ಲಿ ಓದಿದವರು, ಅವರ ಕಾಲದ ಎಲ್ಲರಂತೆ ‘ಮಲೆಗಳಲ್ಲಿ ಮದುಮಗಳು’ ಓದಿದವರು. ಕುಪ್ಪಳಿಯ ಕುವೆಂಪು 1967ರಲ್ಲಿ ಪ್ರಕಟಿಸಿದ ಆ ಕಾದಂಬರಿಯಲ್ಲಿ ನಾಯಿಗುತ್ತಿ ಇದ್ದಾನೆ, ಅವನ ನಾಯಿ ಹುಲಿಯ ಇದೆ. ಕೊನೆಗೆ ಮಳೆಗಾಲದ ತುಂಗೆ ಹುಲಿಯನನ್ನು ಎಳೆದುಕೊಂಡು ಹೋಗುತ್ತದೆ. ಭಾವ ಆ ಪುಸ್ತಕವನ್ನು ಮತ್ತೆ ಮತ್ತೆ ಓದುತ್ತಾರೆ. ಆದರೆ ಹೊಳೆ ಹತ್ತಿರ ಬರುತ್ತಿದ್ದಂತೆ ಗುರುತಿಗೆ ಒಂದು ಅಂಚೆ ಕಾರ್ಡು ಇಟ್ಟು ಮುಚ್ಚಿಬಿಡುತ್ತಾರೆ. ಅಷ್ಟು ದಪ್ಪದ ಕಾದಂಬರಿಯಲ್ಲಿ ಜೀತ, ಬಡತನ, ಕಾಯಿಲೆ, ಅನ್ಯಾಯ ಎಲ್ಲವೂ ಇವೆ. ಅದನ್ನೆಲ್ಲ ಗಟ್ಟಿ ಮನಸ್ಸಿನಿಂದ ದಾಟಿದ ಈ ಗಂಡಸು ನಾಯಿಯ ಹತ್ತಿರ ಬಂದು ಕನ್ನಡಕ ಒರೆಸುತ್ತಾರೆ. ಇದನ್ನು ನಾನು ಎತ್ತಿ ಆಡಿದಾಗ ಅವರು ಹೇಳಿದ್ದು: “ಅದು ಸಾಹಿತ್ಯ ಭಾವ, ಇದು ಆಟ.”

ಇಲ್ಲದವರನ್ನು ಹಚ್ಚಿಕೊಳ್ಳುವುದರಲ್ಲಿ ಹೊಸನಗರ, ತೀರ್ಥಹಳ್ಳಿ, ಸಾಗರ ಎಂಬ ನಮ್ಮ ಮೂರು ತಾಲ್ಲೂಕುಗಳಿಗೆ ಒಳ್ಳೆಯ ಅನುಭವ ಇದೆ. ಹೊಸನಗರ ತಾಲ್ಲೂಕಿನ ಅರಸಾಳು ರೈಲು ನಿಲ್ದಾಣವನ್ನೇ ನೋಡಿ. ಮಾಲ್ಗುಡಿ ಎಂಬ ಊರು ಭೂಪಟದಲ್ಲಿ ಇಲ್ಲ, ಆರ್.ಕೆ. ನಾರಾಯಣ್ 1935ರಲ್ಲಿ ಅದನ್ನು ಕಾಗದದ ಮೇಲೆ ಕಟ್ಟಿದರು. ಶಂಕರ್‌ನಾಗ್ ತಮ್ಮ ಧಾರಾವಾಹಿಗಾಗಿ ಬಂದು ಆಗುಂಬೆಯನ್ನೂ ಅರಸಾಳನ್ನೂ ಸೇರಿಸಿ ಅದನ್ನು ನೆಲದ ಮೇಲೆ ಇಳಿಸಿದರು. ಈಗ ಅರಸಾಳಿನ ಹಳೆಯ ನಿಲ್ದಾಣ ಮಾಲ್ಗುಡಿ ಮ್ಯೂಸಿಯಂ, 2020ರಲ್ಲೇ ತೆರೆದದ್ದು. ಹುಟ್ಟದೇ ಇದ್ದ ಹುಡುಗ ಸ್ವಾಮಿ ಓಡಾಡಿದ ಊರೆಂದು ಜನ ಆಗುಂಬೆಗೆ ಬರುತ್ತಾರೆ. ಬಂದವರು ಮಳೆ, ಸೂರ್ಯಾಸ್ತ ಇವನ್ನೂ ನೋಡುತ್ತಾರೆ ಅನ್ನಿ. ಅಂದರೆ ಮಾಣಿ ಗೌರಿಗಾಗಿ ಊಟ ಬಿಟ್ಟ ವರ್ಷವೇ ಸರ್ಕಾರದ ರೈಲ್ವೆ ಇಲಾಖೆ ಕಾಲ್ಪನಿಕ ಊರೊಂದಕ್ಕೆ ಸುಣ್ಣಬಣ್ಣ ಹೊಡೆಸುತ್ತಿತ್ತು. ಅದಕ್ಕೆ ಯಾರೂ ನಗಲಿಲ್ಲ.

ನಾನಿರುವ ಸಾಗರದ ಕಡೆಯಂತೂ ಕೇಳುವುದೇ ಬೇಡ. ಹೆಗ್ಗೋಡಿನ ನೀನಾಸಂ 1949ರದ್ದು, ಕೆ.ವಿ. ಸುಬ್ಬಣ್ಣನವರು ಆಮೇಲೆ ಚಿತ್ರಸಮಾಜ ಕಟ್ಟಿ ಹೊರನಾಡಿನ ಸಿನಿಮಾಗಳನ್ನೆಲ್ಲ ಅಡಿಕೆ ತೋಟದ ಮಧ್ಯಕ್ಕೆ ತಂದರು. ‘ಪಥೇರ್ ಪಾಂಚಾಲಿ’ಯ ದುರ್ಗೆ ಮಳೆಯಲ್ಲಿ ನೆನೆದು ಜ್ವರ ಹತ್ತಿ ಸಾಯುತ್ತಾಳೆ. ಬಂಗಾಳಿ ಬಾರದಿದ್ದರೂ ಮಳೆ, ಜ್ವರ ಎರಡನ್ನೂ ಚೆನ್ನಾಗಿ ಬಲ್ಲ ಜನಕ್ಕೆ ಅದು ಅರ್ಥವಾಗಲು ಭಾಷೆ ಬೇಕಿರಲಿಲ್ಲ.

ಇನ್ನು ಯಕ್ಷಗಾನ. ಅಮ್ಮಮ್ಮ ಪ್ರಾಯದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಿದವರು. ಚಿಟ್ಟಾಣಿಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ಅಮ್ಮಮ್ಮ ‘ತಡ ಆತು’ ಎಂದಿದ್ದರು. ಕೀಚಕ ಒಳ್ಳೆಯವನಲ್ಲ, ದ್ರೌಪದಿಗೆ ಅವನು ಮಾಡಿದ್ದು ಸರಿಯಲ್ಲ, ಸಾಯಬೇಕಾದವನೇ. ಇದರಲ್ಲಿ ಅವರಿಗೆ ಸಂಶಯವಿಲ್ಲ. ಆದರೂ ಭೀಮ ಸ್ವಲ್ಪ ತಡವಾಗಿ ಬಂದಿದ್ದರೆ ಇನ್ನೊಂದು ಪದ್ಯಕ್ಕೆ ಕುಣಿಯುತ್ತಿದ್ದನಲ್ಲ ಎಂಬ ಕೊರಗು ಅವರಿಗೆ ಇವತ್ತಿಗೂ ಇದೆ. ಅಭಿಮನ್ಯು ಕಾಳಗಕ್ಕೆ ಹೋದವರ ಪಾಡು ಇನ್ನೊಂದು ಥರ. ಚಕ್ರವ್ಯೂಹದ ಒಳಗೆ ಹೋಗಲು ಬರುತ್ತದೆ, ಹೊರಗೆ ಬರಲು ಬರುವುದಿಲ್ಲ. ಸಭೆಗೆಲ್ಲ ಗೊತ್ತಿರುವ ವಿಷಯ. ಹಿಂದಿನ ವರ್ಷವೂ ಸತ್ತಿದ್ದ, ಮುಂದಿನ ವರ್ಷವೂ ಸಾಯುತ್ತಾನೆ. ಆದರೂ ಬೆಳಗಿನ ಜಾವಕ್ಕೆ ಭಾಗವತರು ಪದ ಎತ್ತಿದರೆ ಕಂಬಳಿ ಹೊದ್ದು ಕೂತವರು ಇವತ್ತಾದರೂ ಹುಡುಗ ದಾರಿ ಕಂಡುಹಿಡಿದಾನೇನೋ ಎಂಬಂತೆ ಕುತ್ತಿಗೆ ಉದ್ದ ಮಾಡುತ್ತಾರೆ. ಮಾಣಿಗೆ ಈ ಪ್ರಸಂಗ ಹೇಳಿದಾಗ ಅವನ ವಿಮರ್ಶೆ ಒಂದೇ ಮಾತು: “ಮಧ್ಯದಲ್ಲಿ ಸೇವ್ ಮಾಡ್ಕಂಬ್ಲೆ ಕೊಡದೇ ಹೋದ್ರೆ ಹಿಂಗೇ ಆಗ್ತು, ಮಾವ.”

ಆದರೂ ಅಭಿಮನ್ಯುವಿಗೂ ಗೌರಿಗೂ ಒಂದು ವ್ಯತ್ಯಾಸ ನನಗೆ ಕಾಣುತ್ತದೆ. ಅಭಿಮನ್ಯು ಸತ್ತರೆ ಅಪವಾದ ದ್ರೋಣರ ಮೇಲೆ, ಜಯದ್ರಥನ ಮೇಲೆ. ಹುಲಿಯ ಸತ್ತರೆ ಹೊಳೆಯ ಮೇಲೆ, ಬಹಳವಾದರೆ ಕುವೆಂಪು ಅವರ ಮೇಲೆ. ನೋಡಿದವರು, ಓದಿದವರು ಎದ್ದು ಹೋಗಿ ಚಾ ಕುಡಿಯಬಹುದು. ಗೌರಿಯನ್ನು ಧರೆಯಿಂದ ಉರುಳಿಸಿದ್ದು ಮಾಣಿಯದೇ ಹೆಬ್ಬೆರಳು. ಔಷಧ ಕೊಳ್ಳದೆ ಆ ದುಡ್ಡಿನಲ್ಲಿ ಆರ್ಥರನಿಗೆ ಹೊಸ ಟೊಪ್ಪಿ ಕೊಂಡವನೂ ಅವನೇ. ಈ ನಮೂನೆಯ ಪಾಪಪ್ರಜ್ಞೆಯನ್ನು ಹಿಂದಿನ ಯಾವ ಕಲೆಯೂ ರಸಿಕನ ತಲೆಗೆ ಕಟ್ಟಿರಲಿಲ್ಲ.

ಹೆಬ್ಬೆರಳಿಗೂ ನಿಲುಕದ ಸಾವು ಅದೇ ಆಟದಲ್ಲಿ ಇನ್ನೊಂದು ಇದೆ. ಸಾಲ ವಸೂಲಿಗೆ ಹೋದ ಆರ್ಥರ್ ಒಬ್ಬ ರೋಗಿಷ್ಟನನ್ನು ಹೊಡೆಯುತ್ತಾನೆ, ಅವನಿಂದ ಕ್ಷಯ ಅಂಟಿಸಿಕೊಳ್ಳುತ್ತಾನೆ. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೋಮೈಸಿನ್ ಪತ್ತೆಯಾದದ್ದು 1943ರಲ್ಲಿ; 1899ರವನಿಗೆ ಅದರಿಂದ ಏನು ಬಂತು? ಎಷ್ಟು ಚೆನ್ನಾಗಿ ಆಡಿದರೂ ಅವನು ಉಳಿಯುವುದಿಲ್ಲ. ಒಳ್ಳೆಯವನಾಗಿ ಸಾಯಬೇಕೋ, ಕೆಟ್ಟವನಾಗಿಯೋ ಎಂಬುದಷ್ಟೇ ಆಡುವವನ ಕೈಯಲ್ಲಿರುವುದು. ಅಮ್ಮಮ್ಮನ ಬಾಲ್ಯದಲ್ಲಿ ಅವರ ಚಿಕ್ಕಪ್ಪ ಇದೇ ಕಾಯಿಲೆಯಿಂದ ಹೋದವರಂತೆ. ಹಾಗಾಗಿ ಮಾಣಿ ಬೆಳಿಗ್ಗೆ ದೋಸೆಗೆ ಕೂತರೆ ಅವರ ಮೊದಲ ಪ್ರಶ್ನೆ: “ಕೆಮ್ಮು ಹ್ಯಾಂಗಿದ್ದು ಅವಂಗೆ?” ಆಡುಸೋಗೆ ಕಷಾಯದ ಕ್ರಮವನ್ನೂ ಹೇಳಿದ್ದರು. ಆರ್ಥರನಿಗೆ ದನಿ ಕೊಟ್ಟ ರೋಜರ್ ಕ್ಲಾರ್ಕ್‌ಗೆ 2018ರಲ್ಲಿ ದೊಡ್ಡ ಪ್ರಶಸ್ತಿ ಬಂದಿದೆ. ನಮ್ಮ ಜಗಲಿಯಲ್ಲಿ ಯಾರೋ ಅವನ ಕೆಮ್ಮಿಗೆ ಕಷಾಯ ಸೂಚಿಸಿದ್ದು ತಿಳಿದರೆ ಅವನು ಪ್ರಶಸ್ತಿಯನ್ನು ಪಕ್ಕಕ್ಕೆ ಇಟ್ಟಾನು.

ಹೀಗೆ ಹಚ್ಚಿಕೊಳ್ಳುವ ಮಾಯೆಗೆ ಮುಖವೂ ಬೇಕಾಗಿಲ್ಲ. 1944ರಲ್ಲಿ ಹೈಡರ್, ಸಿಮ್ಮೆಲ್ ಎಂಬ ಇಬ್ಬರು ಎರಡು ತ್ರಿಕೋನ, ಒಂದು ವೃತ್ತ ಓಡಾಡುವ ಪುಟ್ಟ ಚಿತ್ರ ತೋರಿಸಿ ಏನು ಕಂಡಿರಿ ಎಂದು ಕೇಳಿದರು. ಹೆಚ್ಚುಕಡಿಮೆ ಎಲ್ಲರೂ ಕಂಡದ್ದು ಜಗಳ, ಗೂಂಡಾಗಿರಿ, ಪ್ರೇಮ. ತ್ರಿಕೋನದಲ್ಲೇ ಖಳನನ್ನು ಕಾಣುವ ಪ್ರಾಣಿಗೆ ಕುದುರೆ ಕೊಟ್ಟರೆ ಬಿಟ್ಟೀತೆ?

ಆದರೆ ಎಲ್ಲ ಆಟಕ್ಕೂ ಈ ಗುಣ ಇಲ್ಲ. ನಮ್ಮಲ್ಲಿ ಮದುವೆ ಮನೆಯ ಮಾಳಿಗೆಯಲ್ಲಿ ರಾತ್ರಿಯಿಡೀ ಇಸ್ಪೀಟು ಆಡುತ್ತಾರೆ. ಇಸ್ಪೀಟಿನ ರಾಣಿಗಾಗಿ ಕಣ್ಣೀರು ಹಾಕಿದವರನ್ನು ನಾನು ಕಂಡಿಲ್ಲ, ದುಡ್ಡಿಗಾಗಿ ಹಾಕಿದವರು ಬೇಕಾದಷ್ಟು. 2020ರ ಸೆಪ್ಟೆಂಬರ್ 2ರಂದು ಪಬ್‌ಜಿಯೂ ಸೇರಿ 118 ಆ್ಯಪ್‌ಗಳು ನಿಷೇಧವಾದಾಗ ಸಿಗ್ನಲ್ಲಿಗಾಗಿ ಗುಡ್ಡ ಹತ್ತುತ್ತಿದ್ದ ಹುಡುಗರು ತಲೆಮೇಲೆ ಕೈ ಹೊತ್ತು ಇಳಿದು ಬಂದರು. ಅವರಿಗೆ ಬೇಜಾರಾದದ್ದು ಜೊತೆಗೆ ಆಡುವ ಗೆಳೆಯರು ತಪ್ಪಿದರಲ್ಲ ಎಂದು. ಅದರೊಳಗಿನ ಬಂದೂಕುಧಾರಿಗೆ ಮೇವು ಹಾಕಿದವರು, ಮೈ ತಿಕ್ಕಿದವರು ಯಾರೂ ಇರಲಿಲ್ಲ. ನನಗನ್ನಿಸುವುದು ಇಷ್ಟು: ನಾವು ಮನಸೋಲುವುದು ಚೆಲುವಿಗಲ್ಲ, ಚಾಕರಿ ಮಾಡಿದ್ದಕ್ಕೆ. 1996ರಲ್ಲಿ ಜಪಾನಿನ ತಮಾಗೊಚ್ಚಿ ಎಂಬ ಮೊಟ್ಟೆಯಾಕಾರದ ಆಟಿಕೆ ಬಂತು. ನಾಲ್ಕು ಚುಕ್ಕೆಯ ಮರಿಗೆ ಹೊತ್ತುಹೊತ್ತಿಗೆ ಉಣಿಸದಿದ್ದರೆ ಸಾಯುತ್ತಿತ್ತು. ಮಕ್ಕಳು ಅದಕ್ಕೆ ಅತ್ತರು. ಆಮೇಲೆ ಬಂದ ಟಾಕಿಂಗ್ ಟಾಮ್ ಬೆಕ್ಕು ನಾವಾಡಿದ್ದನ್ನೇ ಕೀಚಲು ದನಿಯಲ್ಲಿ ಆಡುತ್ತದೆ. ಅಕ್ಕನ ಮೊಮ್ಮಗಳ ಕೈಯಲ್ಲಿ ಅದು ಶುದ್ಧ ಹವ್ಯಕ ಭಾಷೆ ಮಾತಾಡುವುದನ್ನು ಕೇಳಿ ಅಮ್ಮಮ್ಮ ‘ನಮ್ಮವರ ಪೈಕಿ’ ಎಂದು ತೀರ್ಮಾನಿಸಿದರು. ಅಟ್ಟದ ಮೇಲಿನ ನಿಜವಾದ ಬೆಕ್ಕಿಗೆ ಇಂಥ ಗೌರವ ಸಿಕ್ಕಿಲ್ಲ.

ಈ ಚಾಕರಿಯ ಗುಟ್ಟು ಕಂಪನಿಗಳಿಗೂ ಗೊತ್ತು. ಮೊಬೈಲಿನ ಬೆಕ್ಕು ಹಸಿವಾಗಿದೆ ಎಂದು ರಾತ್ರಿ ಹೊತ್ತಿನಲ್ಲಿ ಸಂದೇಶ ಕಳಿಸುವುದು, ಮಗು ಒತ್ತಿದಲ್ಲೆಲ್ಲ ಅಪ್ಪನ ಖಾತೆಯಿಂದ ದುಡ್ಡು ಹೋಗುವುದು, ಇದಕ್ಕೆ ಪ್ರೀತಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕೀಚಕ ಮಧ್ಯರಾತ್ರಿ ಯಾರ ಮನೆಯ ಬಾಗಿಲನ್ನೂ ತಟ್ಟಿ ಕಾಣಿಕೆ ಕೇಳಿದ್ದಿಲ್ಲ.

ಮಾಣಿ ಈಗ ಬೆಂಗಳೂರಿಗೆ ಮರಳಿದ್ದಾನೆ. ಪುಣೆಯವರು 2020ರಲ್ಲಿ ತಂದ ‘ರಾಜಿ’ ಆಟದಲ್ಲಿ ತಮ್ಮನನ್ನು ಹುಡುಕಿಕೊಂಡು ಹೊರಟ ನಮ್ಮ ದೇಶದ ಹುಡುಗಿಯನ್ನು ಕಂಡ ಮೇಲೆ, ಕವಲೇದುರ್ಗದಲ್ಲೋ ಕುಪ್ಪಳಿಯಲ್ಲೋ ನಡೆಯುವ ಆಟ ಯಾಕಿಲ್ಲ ಎಂಬುದು ಅವನ ಹೊಸ ತಕರಾರು. ಕಳೆದ ಚೌತಿಗೆ ಬಂದಾಗ ಅಪ್ಪನಿಗೆ ಕೇಳಿದ: ಗುತ್ತಿಯಾಗಿ ಆಡುವುದು, ಜೊತೆಗೆ ಹುಲಿಯ, ಸರಿಯಾಗಿ ಆಡಿದರೆ ಹೊಳೆ ದಾಟಿಸಬಹುದು ಅಂತ ಮಾಡಿದರೆ? ಭಾವ ಮೊದಲು ಕುವೆಂಪು ಬರೆದದ್ದನ್ನು ಬದಲಾಯಿಸಲು ನೀವ್ಯಾರು ಎಂದು ರೇಗಿದರು. ಕವಳ ಹಾಕಿದರು. ಸುಮಾರು ಹೊತ್ತಿನ ಮೇಲೆ, ಹಾಗೆ ದಾಟಿಸಲು ಎಷ್ಟು ದಿನ ಕಲಿಯಬೇಕಾಗುತ್ತದೆ ಎಂದು ವಿಚಾರಿಸಿದರು.

ಆಟ ಕಟ್ಟುವ ಕನ್ನಡದ ಹುಡುಗ ಹುಡುಗಿಯರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಹುಲಿಯನನ್ನು ಉಳಿಸುತ್ತೀರೋ ಬಿಡುತ್ತೀರೋ, ಅದು ನಿಮಗೂ ಕುವೆಂಪು ಅವರಿಗೂ ಬಿಟ್ಟದ್ದು. ಆಟ ಮಾತ್ರ ಇಂಟರ್ನೆಟ್ ಇಲ್ಲದೆ ನಡೆಯುವಂತಿರಲಿ. ನಮ್ಮ ಕಡೆ ಮಳೆಗಾಲ ಹಿಡಿದರೆ ಸಿಗ್ನಲ್ ಇರುವುದಿಲ್ಲ.