ಯಾದವಗಿರಿಯ ಹೆಗ್ಗಣಗಳ ಸಂದರ್ಭದಲ್ಲಿ ಮಿಂಕ್: ಒಂದು ಬಹುಶಿಸ್ತೀಯ, ತೌಲನಿಕ ಹಾಗೂ ತಾತ್ವಿಕ ಅಧ್ಯಯನ

ಪೀಠಿಕೆ

ಯಾದವಗಿರಿಯು ಮೈಸೂರಿನಲ್ಲಿದೆ. ಯಾದವಗಿರಿಯ ಚರಂಡಿಗಳಲ್ಲಿ ಹೆಗ್ಗಣಗಳಿವೆ. ಈ ಎರಡು ಪ್ರಮೇಯಗಳನ್ನು ಈವರೆಗೆ ಯಾವ ವಿದ್ವಾಂಸರೂ ಮುಖಾಮುಖಿಯಾಗಿಸದಿರುವುದು ವಿಷಾದನೀಯ. ರಾಮಕೃಷ್ಣ ಆಶ್ರಮದ ಪ್ರಶಾಂತತೆ, ಆಕಾಶವಾಣಿಯ ಸುಶ್ರಾವ್ಯತೆ, ವಿವೇಕಾನಂದ ರಸ್ತೆಯ ಮರಗಳ ಸಭ್ಯತೆ, ಇವೆಲ್ಲದರ ಬುಡದಲ್ಲಿ ಸಮಾನಾಂತರವಾಗಿ ಬಿಲ ತೋಡುತ್ತಿರುವ ಒಂದು ಅಧೋಲೋಕೀಯ ಸಂಕಥನವಿದೆ. ಉತ್ತರ ಅಮೆರಿಕ ಮೂಲದ ಮಿಂಕ್ ಎಂಬ ಪ್ರಾಣಿಯನ್ನು ಪಳಗಿಸಿ, ಸದರಿ ಸಂಕಥನವನ್ನು ಕತ್ತಿನ ಹಿಂಭಾಗದಲ್ಲಿ ಕಚ್ಚಿಸುವುದು ಪ್ರಸ್ತುತ ಅಧ್ಯಯನದ ಮೂಲ ಆಶಯ.

ವ್ಯಾಪ್ತಿ ಮತ್ತು ಮಿತಿ

ವ್ಯಾಪ್ತಿ: ಒಂದು ಅಡ್ಡರಸ್ತೆ. ಮಿತಿ: ಮಿಂಕ್ ಇಲ್ಲ.

2017ರಲ್ಲಿ ಭಾರತ ಮಿಂಕ್ ತುಪ್ಪಳದ ಆಮದನ್ನು ನಿಷೇಧಿಸಿತು. ತುಪ್ಪಳವನ್ನೇ ಒಳಗೆ ಬಿಡದ ದೇಶದಲ್ಲಿ ತುಪ್ಪಳದೊಳಗಿನ ಪ್ರಾಣಿಗೆ ಯಾರಲ್ಲಿ ಅರ್ಜಿ ಹಾಕುವುದು? ಆದರೆ ಇದರಿಂದ ಅಧ್ಯಯನಕ್ಕೆ ಯಾವ ತೊಡಕೂ ಇಲ್ಲ. ಆಕರವನ್ನು ಕಣ್ಣಿಂದ ನೋಡದೆ ಬರೆದ ಮಹಾಪ್ರಬಂಧಗಳಿಗೆ ಪದವಿ ದೊರೆತ ಪೂರ್ವನಿದರ್ಶನಗಳು ಹೇರಳ. ಅಂಥವುಗಳ ಕರಡು ತಿದ್ದಿಯೇ ಪ್ರಸ್ತುತ ಲೇಖಕನು ಇಷ್ಟು ವರ್ಷ ಅನ್ನ ತಿಂದಿರುವುದು.

ಪೂರ್ವಾಧ್ಯಯನಗಳ ಸಮೀಕ್ಷೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ನೂರು ಅಧ್ಯಾಯಗಳ ಗ್ರಂಥ. ನಾಯಿ, ಡೇಗೆ, ಮೀನು, ಜಿಂಕೆ, ಯಾವ ವಿನೋದವನ್ನೂ ಅರಸ ಬಿಟ್ಟಿಲ್ಲ. ಹೊಳೆದಂಡೆಯ ಹೊಲಗಳ ಇಲಿಯನ್ನು ಬಿಸಿಯೆಣ್ಣೆಗೆ ಹಾಕಿ, ಕೂದಲು ತೆಗೆದು, ಅಡುಗೆ ಮಾಡುವ ಕ್ರಮವೂ ಅದರಲ್ಲಿದೆ. ಮಿಂಕ್ ಮಾತ್ರ ಇಲ್ಲ. ಅಮೆರಿಕ ಎಂಬುದೊಂದು ಇದೆಯೆಂದೇ ಇಲ್ಲಿ ಯಾರಿಗೂ ಗೊತ್ತಿರದ ಕಾಲ ಎನ್ನುವುದು ಇದಕ್ಕೆ ಸರಳ ವಿವರಣೆ. ಸರಳ ವಿವರಣೆಗೆ ಅಂಕ ಬರುವುದಿಲ್ಲವಾದ ಕಾರಣ ಇದನ್ನು ‘ಸೋಮೇಶ್ವರನ ವ್ಯೂಹಾತ್ಮಕ ಮೌನ’ ಎಂದು ಗುರುತಿಸಲಾಗಿದೆ.

ಇದೇ ಯಾದವಗಿರಿಯಲ್ಲಿ ಮನೆ ಕಟ್ಟಿಸಿದ ಆರ್.ಕೆ. ನಾರಾಯಣ್ 1961ರ ‘ದಿ ಮ್ಯಾನ್-ಈಟರ್ ಆಫ್ ಮಾಲ್ಗುಡಿ’ಯಲ್ಲಿ ಸತ್ತ ಪ್ರಾಣಿಗಳಿಗೆ ಹುಲ್ಲು ತುಂಬಿ ನಿಲ್ಲಿಸುವವನನ್ನು ಪಾತ್ರವಾಗಿಸಿದರು. ಬದುಕಿರುವ ಪ್ರಾಣಿಗೆ ಬೇಟೆ ಕಲಿಸುವವನನ್ನು ತರಲಿಲ್ಲ. ಸಂಶೋಧನಾ ಕಂದರ ಇರುವುದು ಇಲ್ಲೇ. ಕಂದರ ಇಲ್ಲದಿದ್ದರೆ ನೋಂದಣಿ ಆಗುವುದಿಲ್ಲ.

ವರ್ಗೀಕರಣ

ಬೇಟೆಗಾರ ಸಸ್ತನಿಗಳನ್ನು ಹೀಗೆ ವಿಂಗಡಿಸಬಹುದು: (ಅ) ಪಳಗಿ ಬೇಟೆಯಾಡುವವು: ಯೂರೋಪಿನ ಫೆರೆಟ್, ಬಿಲಕ್ಕೆ ನುಗ್ಗಿ ಮೊಲವನ್ನು ಹೊರದಬ್ಬುತ್ತದೆ, ಮನುಷ್ಯ ಬಿಲದ ಬಾಯಿಗೆ ಬಲೆ ಒಡ್ಡಿ ಕೂತಿರುತ್ತಾನೆ. (ಆ) ಪೂರ್ತಿ ಪಳಗದೆಯೂ ಬೇಟೆಯಾಡುವವು: ಮಿಂಕ್. (ಇ) ಪಳಗುವ ಮಾತೇ ಎತ್ತದೆ ನಮ್ಮ ಕಾಂಪೌಂಡಿನ ಮೇಲೆ ಓಡಾಡುವವು: ಮುಂಗುಸಿ. (ಈ) ಪಳಗಿ, ಬೇಟೆ ಬಿಟ್ಟವು: ಎದುರುಮನೆಯ ಬೆಕ್ಕು. (ಉ) ಇಲ್ಲಿ ಒಮ್ಮೆ ಅಳಿದುಹೋದವು: ಸಿವಂಗಿ (ಚೀತಾ). (ಊ)ಗೆ ಉದಾಹರಣೆ ಸಿಗುತ್ತಿಲ್ಲ. (ಋ) ಯಾವ ಕೀಲಿಯಲ್ಲಿದೆಯೋ ಮರೆತಿದೆ. ವರ್ಗೀಕರಣವನ್ನು ಕೈಬಿಡಲಾಗಿದೆ.

(ಇ) ಕುರಿತು ಒಂದು ಮಾತು. ಮಿಂಕ್ ಯಾಕೆ, ಮುಂಗುಸಿ ಸಾಲದೆ ಎಂದು ಮಾರ್ಗದರ್ಶಕರು ಕೇಳಬಹುದು. ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು 1872ರಲ್ಲಿ ನಮ್ಮ ಮುಂಗುಸಿಗಳನ್ನು ಹಡಗು ಹತ್ತಿಸಿ ಜಮೈಕಾಕ್ಕೆ ಒಯ್ದರು. ಅಲ್ಲಿ ಬೆಳೆದ ಸಂತತಿ 1883ರಲ್ಲಿ ಹವಾಯಿಗೆ ಹೋಯಿತು. ಇಲಿಯದು ಹೆಚ್ಚಾಗಿ ರಾತ್ರಿ ಪಾಳಿ, ಮುಂಗುಸಿಯದು ಹಗಲು ಪಾಳಿ. ಇಲಿ ಇಲಿಯಾಗಿ ಉಳಿಯಿತು, ಮುಂಗುಸಿ ನೆಲದಲ್ಲಿ ಗೂಡು ಮಾಡುವ ಹಕ್ಕಿಗಳ ಮೊಟ್ಟೆ ತಿಂದುಕೊಂಡಿತು. ಇದನ್ನು ‘ಕಾಲಿಕ ಅಸಾಂಗತ್ಯ’ ಎನ್ನಬೇಕು. ಸಾಲದ್ದಕ್ಕೆ 1972ರ ವನ್ಯಜೀವಿ ಕಾಯ್ದೆಯಡಿ ಮುಂಗುಸಿಯನ್ನು ಹಿಡಿಯುವಂತಿಲ್ಲ, ಸಾಕುವಂತಿಲ್ಲ. ಆದರೂ ಚಿತ್ರ ಬರೆಯುವ ಬ್ರಷ್ಷಿನ ಕೂದಲಿಗಾಗಿ ಅದನ್ನು ಕದ್ದು ಕೊಲ್ಲುವುದು ನಿಂತಿಲ್ಲ. ಇದಕ್ಕೆ ಯಾವ ಪಾರಿಭಾಷಿಕ ಪದವೂ ಹೊಳೆಯುತ್ತಿಲ್ಲ.

ತರಬೇತಿಯ ತಾತ್ವಿಕತೆ

ಅಮೆರಿಕದ ಯೂಟಾ ರಾಜ್ಯದಲ್ಲಿ ಮಿಂಕ್‌ನಿಂದ ಹೆಗ್ಗಣ ಹಿಡಿಸುವವರಿದ್ದಾರೆ. ಪ್ರಾಣಿಯ ತೂಕ ಸುಮಾರು ಒಂದು ಕಿಲೊ. ಮೈ ಉದ್ದ, ಕಾಲು ಗಿಡ್ಡ, ನೀರಿಗೂ ಸೈ, ಬಿಲಕ್ಕೂ ಸೈ. ಮರಿಯಿಂದಲೇ ಕೈಗೆ ರೂಢಿ ಮಾಡಬೇಕು. ದಪ್ಪ ತೊಗಲಿನ ಕೈಗವಸು ಇರಲೇಬೇಕು, ಏಕೆಂದರೆ ರೂಢಿಯಾದ ಮೇಲೂ ಕಚ್ಚುತ್ತದೆ. ಬಿಲಕ್ಕೆ ಬಿಟ್ಟಾಗ ಹೊರಗೆ ನಾಯಿಗಳು ಕಾದಿರಬೇಕು. ಮುಖ್ಯವಾದದ್ದು ಇದು: ಅದು ಹಿಡಿದದ್ದನ್ನು ಕಿತ್ತುಕೊಳ್ಳಬಾರದು. ಮಾಂಸದ ಒಂದು ತುಣುಕು ತೋರಿಸಿ, ಅದಾಗಿಯೇ ಬಿಡುವಂತೆ ಮಾಡಬೇಕು. ಕಿತ್ತುಕೊಂಡ ಕೈಯನ್ನು ಅದು ಮುಂದಿನ ಸಲ ನಂಬುವುದಿಲ್ಲ.

ಇದನ್ನು ‘ವಿನಿಮಯಾಧಾರಿತ ವಿಮೋಚನಾ ಮಾದರಿ’ ಎಂದು ಕರೆದು ಒಂದು ಅಧ್ಯಾಯ ಬೆಳೆಸುವ ಯೋಜನೆಯಿತ್ತು. ಬೆಳೆಸುವ ಹೊತ್ತಿಗೆ ಅಡ್ಡಬಂದದ್ದು ಸಿವಂಗಿ. ಕಣ್ಣಿಗೆ ಪಟ್ಟಿ ಕಟ್ಟಿ, ಎತ್ತಿನ ಗಾಡಿಯಲ್ಲಿ ಕೂರಿಸಿ ಕೃಷ್ಣಮೃಗದ ಹಿಂಡಿನ ಹತ್ತಿರ ಒಯ್ದು ಸಿವಂಗಿಯನ್ನು ಬಿಡುತ್ತಿದ್ದರು. ಅದು ಜಿಂಕೆಯನ್ನು ಕೆಡವಿ ಗಂಟಲು ಹಿಡಿದು ಕೂತಾಗ ಒಬ್ಬ ಹತ್ತಿರ ಹೋಗಿ, ಮರದ ಸೌಟಿನಲ್ಲಿ ಅದೇ ಜಿಂಕೆಯ ಬಿಸಿರಕ್ತ ಹಿಡಿದು ಮೂತಿಯ ಮುಂದೆ ಒಡ್ಡುತ್ತಿದ್ದ. ಅದು ನೆಕ್ಕಲು ಬಾಯಿ ಬಿಟ್ಟಾಗ ಬೇಟೆಯನ್ನು ಎಳೆದುಕೊಳ್ಳುವುದು. ಯೂಟಾದ ಮಾಂಸದ ತುಣುಕೂ ಈ ಸೌಟೂ ಒಂದೇ ವಿದ್ಯೆ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಬೇಟೆಯ ಸಿವಂಗಿ ಸಾಕಿದ್ದನೆಂದು ಎಲ್ಲ ಪುಸ್ತಕದಲ್ಲೂ ಇದೆ. ಆ ಸೌಟು ಹಿಡಿದು ಹೋಗುತ್ತಿದ್ದವನ ಹೆಸರು ಯಾವ ಪುಸ್ತಕದಲ್ಲಿದೆ? ಟಿಪ್ಪು ಹಿಡಿದಿರಲಾರ.

ಕಾಡಾನೆ ಹಿಡಿಯುವ ಖೆಡ್ಡಾ ತೆಗೆದುಕೊಳ್ಳಿ. ಮೈಸೂರು ಸೀಮೆಯಲ್ಲಿ 1874ರಲ್ಲಿ ಖೆಡ್ಡಾ ಮಾಡಿ ಗೆದ್ದವರು ಬ್ರಿಟಿಷ್ ಅಧಿಕಾರಿ ಸ್ಯಾಂಡರ್ಸನ್; 1878ರಲ್ಲಿ ಅವರ ದಪ್ಪ ಪುಸ್ತಕ ಬಂತು, ಇಂದಿಗೂ ಅಡಿಟಿಪ್ಪಣಿಗಳಲ್ಲಿ ಸುಖವಾಗಿದೆ. ಕಾಕನಕೋಟೆಯ ಕಾಡಿನಲ್ಲಿ ಆನೆಯ ಜಾಡು ಓದಿ ಹೇಳಿದವರು, ಹಿಡಿದ ಆನೆಯ ಪಕ್ಕದಲ್ಲೇ ಮಲಗಿ ಅದನ್ನು ಮಾತು ಕೇಳುವಂತೆ ಮಾಡಿದವರು ಜೇನುಕುರುಬರು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಆಮೇಲೆ ಕಾಡು ಹುಲಿಗೆಂದಾಯಿತು, ಎಷ್ಟೋ ಹಾಡಿಗಳ ಜನ ಹೊರಗೆ ಬಂದರು, ಅಥವಾ ತರಲಾಯಿತು. ಈಗಲೂ ದಸರಾಕ್ಕೆ ಅವರಲ್ಲಿ ಹಲವರು ಆನೆಗಳ ಜೊತೆ ಅರಮನೆ ಆವರಣಕ್ಕೆ ಬಂದು ಶೆಡ್ಡುಗಳಲ್ಲಿ ಇರುತ್ತಾರೆ. ಯಾವ ಆನೆ ಎಷ್ಟು ಕಿಲೊ ಎಂದು ಪತ್ರಿಕೆಗಳು ಅಚ್ಚು ಹಾಕುತ್ತವೆ. 750 ಕಿಲೊ ಅಂಬಾರಿಯ ತೂಕ ಊರಿನ ಮಕ್ಕಳಿಗೆ ಬಾಯಿಪಾಠ. ಅದನ್ನು ಹೊತ್ತ ಆನೆಯನ್ನು ಗದ್ದಲದ ನಡುವೆ ಬನ್ನಿಮಂಟಪದವರೆಗೆ ಬರಿಯ ಕಾಲ್ಬೆರಳ ಒತ್ತಿನಲ್ಲಿ ನಡೆಸುವ ವಿದ್ಯೆಗೆ ಯಾವ ವಿಭಾಗದಲ್ಲಿ ಎಂ.ಎ. ಇದೆ?

ಸಂಶೋಧನಾ ವಿಧಾನ

ವಿಧಾನವೇನೂ ಇಲ್ಲ. ಒಂದು ಮಹಾಪ್ರಬಂಧದ ಕರಡು ನನ್ನ ಮೇಜಿಗೆ ಬಂದಿತ್ತು. ವಿಷಯ ಪ್ರಾಣಿಗಳನ್ನು ಪಳಗಿಸುವ ದೇಶೀ ಜ್ಞಾನ. ಮೊದಲ ನೂರು ಪುಟ ನೆಲೆ, ನಿಲುವು, ಆಯಾಮ, ಅನನ್ಯತೆ. ಓದುತ್ತ ಓದುತ್ತ ಮಧ್ಯದಲ್ಲಿ ಇದ್ದಕ್ಕಿದ್ದಂತೆ ನಾಲ್ಕು ಪುಟ ಜೀವಂತವಾದವು. ಹೊಸದಾಗಿ ಹಿಡಿದ ಆನೆಯ ಹತ್ತಿರ ಮೊದಲ ದಿನ ಯಾವ ಕಡೆಯಿಂದ ಹೋಗಬೇಕು, ಕಿವಿಯ ಯಾವ ಅಲುಗಾಟಕ್ಕೆ ಹಿಂದೆ ಸರಿಯಬೇಕು, ಕಬ್ಬು ಕೊಡುವಾಗ ಕೈ ಎಲ್ಲಿರಬೇಕು. ಬಾಯಿಂದ ಬಂದ ಮಾತನ್ನು ಹಾಗೆಯೇ ಇಳಿಸಿದ್ದರು, ಒಂದು ಅಲ್ಪವಿರಾಮವನ್ನೂ ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಕೆಳಗೆ ಹೀಗಿತ್ತು: ಮಾಹಿತಿದಾರ 3, ಪುರುಷ, ವಯಸ್ಸು ಸುಮಾರು 60, ಅನಕ್ಷರಸ್ಥ. ಕೃತಜ್ಞತೆಗಳ ಭಾಗದಲ್ಲಿ ಕುಲಪತಿಗಳಿದ್ದರು, ಕುಲಸಚಿವರಿದ್ದರು, ಟೈಪು ಮಾಡಿದ ಅಂಗಡಿಯಿತ್ತು, ಅತ್ತೆ ಮಾವ ಇದ್ದರು.

ಹೆಸರು ಬಚ್ಚಿಡುವುದು ಕೆಲವೊಮ್ಮೆ ಆ ಮನುಷ್ಯನ ರಕ್ಷಣೆಗೆ ಎಂದು ನನಗೂ ಗೊತ್ತು. ಇಲ್ಲಿ ಆತನನ್ನು ಯಾರಿಂದ ರಕ್ಷಿಸಬೇಕಿತ್ತು? ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಹೆಸರು?’ ಎಂದು ಬರೆದು ಕಳಿಸಿದೆ. ಸಂಜೆ ಫೋನ್ ಬಂತು.

“ಸಾರ್, ಆ ಫಾರ್ಮ್ಯಾಟಲ್ಲಿ ಹೆಸರಿಗೆ ಕಾಲಂ ಇಲ್ಲ. ಹಾಗೇ ಬಿಟ್ಬಿಡಿ ಸಾರ್, ನಾಳೆ ಬೈಂಡಿಂಗಿಗೆ ಕೊಡ್ಬೇಕು.”