ಹಿಮಕರಡಿ ಕಂಡು ಬಂದ ಸಾಹೇಬರಿಗೆ

ಭಾಲ್ಕಿ

ಕ್ಯಾಮೆರಾ ಹಿಡಿದು ಲೋಕ ಸುತ್ತುವ ಮಾನ್ಯ ಸಾಹೇಬರಿಗೆ ಶರಣು ಶರಣಾರ್ಥಿ.

ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್‌ನ ಹೆಪ್ಪುಗಟ್ಟಿದ ಕಡಲಲ್ಲಿ ಸಣ್ಣ ಹಡಗು ಹತ್ತಿ ಹೋಗಿ ತಾವು ತೆಗೆದು ತಂದ ಚಿತ್ರಗಳನ್ನು ನೋಡಿದೆವು. ಹಿಮಕರಡಿ ಹೆಸರುಕಾಳಿನಷ್ಟು ಕಾಣುತ್ತದೆ. ಕಾರಣವನ್ನೂ ತಾವೇ ಹೇಳಿದಿರಿ: 2025ರಿಂದ ನಾರ್ವೆಯವರ ಕಟ್ಟಪ್ಪಣೆ, ಕರಡಿಯಿಂದ ಕನಿಷ್ಠ 300 ಮೀಟರ್ ದೂರ, ಮಾರ್ಚ್‌ನಿಂದ ಜೂನ್ ಕೊನೆಯವರೆಗೆ 500 ಮೀಟರ್. ಅಷ್ಟು ಖರ್ಚು ಮಾಡಿ ಹೋದವರು ಆ ಮಾತು ಮೀರಲಿಲ್ಲ. ಆ ಸಂಯಮಕ್ಕೆ ಮನಸಾರೆ ಕೈಮುಗಿಯುತ್ತೇನೆ.

ಮುಗಿದ ಕೈಯಲ್ಲೇ ಒಂದು ಅರಿಕೆ. ಊರಿಗೆ ಮರಳಿದ ಮೇಲೆ ಬೀದರ ಸುತ್ತಲಿನ ಹುಲ್ಲುಬಯಲಿಗೂ ದಯಮಾಡಿಸಿ, ನಮ್ಮ ಕೃಷ್ಣಮೃಗಗಳನ್ನು ನೋಡಿದಿರಿ. ಉಪಕಾರವಾಯಿತು. ಆದರೆ ಅಲ್ಲಿ ತಮ್ಮ ಜೀಪು ಹಾದಿ ಬಿಟ್ಟು ಹುಲ್ಲಿಗೆ ಇಳಿಯಿತು. ನಿಂತು ಮೇಯುವ ಹಿಂಡು ತಮಗೆ ಸಾಲಲಿಲ್ಲ, ನೆಗೆಯುವ ಹಿಂಡೇ ಬೇಕಾಯಿತು. ಹಾರ್ನ್ ಹೊಡೆಸಿದಿರಿ. ಓಡಿದ ಮೇಲೂ ಬೆನ್ನು ಬಿಡಲಿಲ್ಲ.

ತಾವು ತಿಳಿದವರು, ಆದರೂ ಹೇಳದೆ ಇರಲಾರೆ. ಈದ ಕೃಷ್ಣಮೃಗ ಮೊದಲ ದಿನಗಳಲ್ಲಿ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು, ತಾನು ದೂರ ಮೇಯ್ದು, ಹಾಲೂಡಿಸಲು ಮಾತ್ರ ಬರುತ್ತದೆ. ಅಪಾಯ ಕಂಡರೆ ಮರಿ ಓಡುವುದಿಲ್ಲ, ನೆಲಕ್ಕಂಟಿ ಮಲಗುತ್ತದೆ. ತೋಳದ ಕಣ್ಣು ತಪ್ಪಿಸಲು ಅದಕ್ಕೆ ಗೊತ್ತಿರುವ ಉಪಾಯ ಅದೊಂದೇ. ಜೀಪಿನ ಗಾಲಿಗೆ ಅದು ನಡೆಯುವುದಿಲ್ಲ. ಹುಲ್ಲಿನೊಳಗೆ ಮರಿ ಇತ್ತೋ ಇಲ್ಲವೋ ತಾವು ಇಳಿದು ನೋಡಲಿಲ್ಲ.

1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ಈ ಮೃಗವಿದೆ. ಕೊಲ್ಲುವುದಷ್ಟೇ ಅಲ್ಲ, ಅಟ್ಟಾಡಿಸುವುದೂ ಆ ಕಾಯ್ದೆಯ ಪ್ರಕಾರ ಬೇಟೆ. ಕೈಯಲ್ಲಿ ಬಂದೂಕು ಇರಬೇಕೆಂದೇನಿಲ್ಲ. ಸೋಯಾ, ಕಡಲೆಯ ಚಿಗುರನ್ನು ಇವುಗಳಿಗೆ ಕಳೆದುಕೊಂಡೂ ಇವನ್ನು ಉಳಿಸಿಕೊಂಡು ಬಂದವರು ಇಲ್ಲಿಯ ರೈತರು. ಅವರ ಮುಖ ನೋಡಿಯಾದರೂ ಗಾಡಿ ತಿರುಗಿಸಬಹುದಿತ್ತು.

ನಮ್ಮ ಕಾರಂಜಾ ಜಲಾಶಯದ ದಂಡೆಗೂ ಪಾದ ಬೆಳೆಸಿದಿರಿ. ಕೆಸರಿನಲ್ಲಿ ಹುಳು ಹೆಕ್ಕುತ್ತಿದ್ದ ಹಕ್ಕಿಗಳು ಒಮ್ಮೆಲೇ ಏಳಲೆಂದು ಹುಡುಗನ ಕೈಯಿಂದ ಕಲ್ಲು ಎಸೆಸಿದಿರಿ. ಸಾಹೇಬರೇ, ಚಳಿಗಾಲಕ್ಕೆ ನಮ್ಮ ದೇಶದ ಕೆರೆ ದಂಡೆಗಳಿಗೆ ಲಿಟ್ಲ್ ಸ್ಟಿಂಟ್ ಎಂಬ ಗುಬ್ಬಿ ಗಾತ್ರದ ಹಕ್ಕಿ ಬರುತ್ತದೆ. ಅದು ಮರಿ ಮಾಡುವುದು ತಾವು ಹಡಗು ಹತ್ತಿ ಹೋಗಿದ್ದ ಉತ್ತರ ಧ್ರುವ ಸೀಮೆಯ ಮರವಿಲ್ಲದ ಬಯಲಿನಲ್ಲಿ. ಮರಳಿ ಹೋಗುವ ಸಾವಿರಾರು ಕಿಲೋಮೀಟರ್ ದಾರಿಗೆ ಬೇಕಾದ ಕೊಬ್ಬನ್ನು ಅದು ಇಂಥ ಕೆಸರಿನಲ್ಲೇ ಕೂಡಿಸಿಕೊಳ್ಳಬೇಕು. ಎಬ್ಬಿಸಿದಷ್ಟು ಸಲವೂ ಆ ಗಂಟು ಕರಗುತ್ತದೆ. ಅಲ್ಲಿ ಮರ್ಯಾದೆ, ಇಲ್ಲಿ ಕಲ್ಲು: ಇದು ನಮಗೆ ನೋವು.

ದಯವಿಟ್ಟು ಮತ್ತೆ ಬನ್ನಿ. ಜೀಪನ್ನು ಹಾದಿಯ ಮೇಲೆಯೇ ನಿಲ್ಲಿಸಿ, ಎಂಜಿನ್ ಬಂದ್ ಮಾಡಿಸಿ. ಎಷ್ಟು ದೂರ ಎಂದು ಇಲ್ಲಿ ಯಾರೂ ಅಳೆದು ಹೇಳುವುದಿಲ್ಲ. ಮೇಯುವ ಮೃಗ ತಲೆ ಎತ್ತಿ ತಮ್ಮ ಕಡೆ ನೋಡಿತೆಂದರೆ ಅಷ್ಟಕ್ಕೇ ನಿಲ್ಲಿ. ಚಿತ್ರದಲ್ಲಿ ಅದು ಚಿಕ್ಕದಾಗಿಯೇ ಕಾಣಲಿ.

ಇತಿ ತಮ್ಮ ವಿಧೇಯ,
ಭಾಲ್ಕಿ ತಾಲ್ಲೂಕಿನವ