ಗ್ವಾಡಿಗೆ ಒಂದು ಕಿಂಡಿ ಹೊಡಸ್ರಿ!

ಕಾಗಿನೆಲೆಯ ಒಂದು ಹಳೇ ಮಣ್ಣಿನ ಮನೆ. ಪಡಸಾಲೆಯ ಗಾಜಿನ ಶೋಕೇಸಿನಲ್ಲಿ, ಕಬ್ಬಿಣದ ತಿಜೋರಿಗೆ ಒರಗಿ ಕೂತಿದ್ದ ವೈಫೈ ರೌಟರನ್ನು ಮಾತಿಗೆಳೆದೆವು. ಮೈತುಂಬ ಕುಂಕುಮ, ಕೊರಳಿಗೆ ಒಣಗಿದ ಚೆಂಡುಹೂ.

ಪ್ರಶ್ನೆ: ಏನಿದು ಅವತಾರ?

ರೌಟರ್: ಖಂಡೇಪೂಜಿ ದಿನ ಟ್ರ್ಯಾಕ್ಟರಿಗೆ ಹಚ್ಚಿ ಉಳದದ್ದು ನನಗ ಹಚ್ಯಾರ್ರಿ. ರೀಸೆಟ್ ತೂತು ಮುಚ್ಚಿ ಹೋಗೇತಿ. ಪೂಜಿ ಜೋರ. ಹಿತ್ತಲದಾಗ ವಿಡಿಯೋ ನಿಂತ್ರ ಬೈಗುಳ ಅದಕ್ಕಿಂತ ಜೋರ.

ಪ್ರಶ್ನೆ: ನಿಮ್ಮ ವಂಶದ ವಯಸ್ಸೆಷ್ಟು?

ರೌಟರ್: ನಮ್ಮ ಮೊದಲ ನಿಯಮಾವಳಿ, 802.11 ಅಂತಾರಲ್ಲ, ಬಂದದ್ದು 1997ರಾಗ. ಅದ ವರ್ಷ ಧಾರವಾಡ ಜಿಲ್ಲಾ ಒಡದು ಹಾವೇರಿ ಆತು. ಹಂಗಾಗಿ ಜಿಲ್ಲಾನೂ ನಾನೂ ವಾರಿಗೆಯವ್ರು. ಆಗ ನನ್ನ ವೇಗ ಬರೇ 2 ಎಂಬಿಪಿಎಸ್. ಜಿಲ್ಲಾದ ವೇಗದ ಬಗ್ಗೆ ನನ್ನ ಕೇಳಬ್ಯಾಡ್ರಿ.

ಪ್ರಶ್ನೆ: ಹಿತ್ತಲಿಗೆ ಯಾಕೆ ತಲುಪುವುದಿಲ್ಲ?

ರೌಟರ್: ನಡುವ ಎರಡಡಿ ದಪ್ಪನ ಮಣ್ಣಿನ ಗ್ವಾಡಿ, ಹಿಂದ ತಿಜೋರಿ, ಅದರಾಚೆ ನೀರಿನ ಟಾಕಿ. ಕಬ್ಬಿಣಕ್ಕ ಬಡದು ವಾಪಸ್ ಬರ್ತೀನಿ, ನೀರಂತೂ ನನ್ನ ಕುಡದ ಬಿಡತೈತಿ. 5 ಗಿಗಾಹರ್ಟ್ಸ್ ವೇಗದ್ದು, ಖರೆ. ಆದ್ರ ಗ್ವಾಡಿ ಅಂದ್ರ ಸುಸ್ತು. 2.4 ದೂರ ಹೋಗತೈತಿ, ಆದ್ರ ಬ್ಲೂಟೂತು, ಮೈಕ್ರೋವೇವು, ಬಾಜೂ ಮನಿ ವೈಫೈ ಎಲ್ಲಾ ಅದ ಓಣ್ಯಾಗ ಅಡ್ಡಾಡ್ತಾವು.

ಪ್ರಶ್ನೆ: ಉಪಾಯ?

ರೌಟರ್: ಗ್ವಾಡಿಗೆ ಒಂದು ಕಿಂಡಿ, ಅದರಾಗ ಕ್ಯಾಟ್ 6 ಕೇಬಲ್, ಆಚಿಗೆ ಇನ್ನೊಂದು ಆ್ಯಕ್ಸೆಸ್ ಪಾಯಿಂಟ್. ಕೇಬಲ್ 100 ಮೀಟರ್ ತನಕಾ ದಣಿಯಂಗಿಲ್ಲ. ಯಜಮಾನ್ರು ಒಪ್ಪವಲ್ರು, ಮೊನ್ನೆ ಬಣ್ಣ ಹಚ್ಚಿಸ್ಯಾರ. ಉಡುಪ್ಯಾಗ ನಮ್ಮ ಕನಕದಾಸರಿಗೆ ಗ್ವಾಡಿ ತಾನಾಗೇ ದಾರಿ ಬಿಟ್ಟಿತ್ತಂತ. ನನಗೆಲ್ಲಿ ಅಂಥ ಭಕ್ತಿ? ಡ್ರಿಲ್ ಮಷೀನೇ ಬೇಕು.

ಪ್ರಶ್ನೆ: ವೈರೇ ಬೇಡ ಅಂತಲೇ ಅಲ್ಲವೇ ನಿಮ್ಮನ್ನು ತಂದದ್ದು?

ರೌಟರ್: ನನ್ನ ಬೆನ್ನ ಕಡೆ ಹಾದು ಬರ್ರಿ. ಕಂಬದಿಂದ ಇಳದ ಫೈಬರ್, ಕರೆಂಟಿನ ವೈರ್. ಸಮುದ್ರದ ತಳದಾಗಿಂದ ಈ ಓಣಿ ತನಕಾ ಎಲ್ಲಾ ವೈರಿನ ದುಡಿಮಿ. ಕಡೀ ಹತ್ತು ಹೆಜ್ಜಿ ಅಷ್ಟ ಗಾಳಿ. ಹೂವಿನ ಹಾರ ಮಾತ್ರ ನನಗ.

ಪ್ರಶ್ನೆ: ಒಂದು ಕೇಬಲನ್ನೂ ಎಳೆದಿಲ್ಲವೇ?

ರೌಟರ್: ಟಿವಿಗೆ ಎಳದಾರ. ಎಂಟು ತಂತ್ಯಾಗ ನಾಕಕ್ಕ ಅಷ್ಟ ತುದಿ ಹಚ್ಚಿ ಹೋಗ್ಯಾನ ಹುಡುಗ. 200 ಎಂಬಿಪಿಎಸ್ ಪ್ಲಾನಿಗೆ ರೊಕ್ಕ ಕಟ್ತಾರ, ನಾಕು ತಂತ್ಯಾಗ 100ರ ಮ್ಯಾಲ ಹರಿಯಂಗಿಲ್ಲ. ಬ್ಯಾಡಗಿ ಎಪಿಎಂಸ್ಯಾಗ ಮೆಣಸಿನಕಾಯಿ ತೂಕ ಒಂದು ಕಿಲೋ ಕಮ್ಮಿ ಬಂದ್ರ ಅಂಗಿ ತೋಳು ಏರಿಸೋ ಮಂದಿ, ಇಲ್ಲಿ ಅರ್ಧಕ್ಕರ್ಧ ಹೋದ್ರೂ ಸುಮ್ನ ಕುಂತಾರ.

ಪ್ರಶ್ನೆ: ನಮಗೂ ಒಂದಿಷ್ಟು ಪಾಸ್‌ವರ್ಡ್...

ರೌಟರ್: ಎರಡು ಅದಾವ್ರಿ. ಒಂದು ಮನಿಯವ್ರದು, ಒಂದು ಗೆಸ್ಟ್. ಗೆಸ್ಟ್ ಅಂದ್ರ ಹೊರಗಿನ ಕಟ್ಟಿ ಮ್ಯಾಲ ಕುಂದ್ರಿಸಿದಂಗ: ಇಂಟರ್‌ನೆಟ್ ಸಿಗತೈತಿ, ಒಳಗಿನ ಪ್ರಿಂಟರ್, ಕ್ಯಾಮೆರಾ ಮುಟ್ಟೂಹಂಗಿಲ್ಲ. ಯಾರಿಗೆ ಯಾವುದು ಅಂತ ಯಜಮಾನ್ರ ಒಂದ ಮಾತು ಕೇಳಿ ಹೇಳ್ತಾರ.

ಪ್ರಶ್ನೆ: ಏನಂತ?

ರೌಟರ್: “ನೀವು ಯಾರ ಪೈಕಿ?”

ಪ್ರಶ್ನೆ: ಕನಕದಾಸರ ಕಾಗಿನೆಲೆಯಲ್ಲಿ ಕೂತು ಈ ಪ್ರಶ್ನೆಯೇ?

ರೌಟರ್: ನಾ ಕೇಳಂಗಿಲ್ರಿ. ಬಂದ ಫೋನಿಂದು ಮ್ಯಾಕ್ ಅಡ್ರೆಸ್ ನೋಡ್ತೀನಿ, ಒಂದು ಐಪಿ ಕೊಡ್ತೀನಿ, ಅಷ್ಟ ನನ್ನ ಧರ್ಮ. ಯಜಮಾನ್ರು ಆದಿಕೇಶವನ ಗುಡಿಗೆ ಹೋಗ್ಯಾರ. ಬರೂತನಕಾ ಹೊರಗ ಕಟ್ಟಿ ಮ್ಯಾಲ ಕುಂದರ್ರಿ.